ಸಾಕ್ಷಿಗೆ ಏನು ಸಿಕ್ಕಿತು?

ಮೆಹದಿಪಟ್ಟಣಂನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆಲ್ಲ ಒಂದು ಅನುಭವ ಸಾಮಾನ್ಯ. ತಾಂಡೂರು, ಚೇವೆಳ್ಳದ ಕಡೆಯಿಂದ ಬಂದ ಬಸ್ಸಿನಿಂದ ಇಳಿಯುವವರಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದರೆ, ಅವರ ಕಂಕುಳಲ್ಲಿ ದೊಡ್ಡದೊಂದು ಎಕ್ಸ್‌ರೇ ಲಕೋಟೆ ಇದ್ದೇ ಇರುತ್ತದೆ. ಸೇಡಂ, ಚಿಂಚೋಳಿ ಸೀಮೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಇಂದಿಗೂ ಹೈದರಾಬಾದೇ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಕಾಯಿಲೆಯವರ ದಾರಿ ಬದಲಾಗಲಿಲ್ಲ. ಕಣ್ಣಿನ ತೊಂದರೆಯವರು ಇಲ್ಲಿಯೇ ಇರುವ ಸರೋಜಿನಿ ದೇವಿ ಕಣ್ಣಾಸ್ಪತ್ರೆಗೆ, ಕೂಸನ್ನು ಎತ್ತಿಕೊಂಡವರು ನಿಲೋಫರ್‌ಗೆ, ಕೈಯಲ್ಲಿ ಕಾಸಿಲ್ಲದವರು ಉಸ್ಮಾನಿಯಾಕ್ಕೆ, ಎರಡೆಕರೆ ಹೊಲ ಮಾರಿ ಬಂದವರು ಗಾಜಿನ ಬಾಗಿಲಿನ ಆಸ್ಪತ್ರೆಗಳಿಗೆ. ಯಾವ ಆಸ್ಪತ್ರೆಗೆ ಹೋಗುವವರಾದರೂ ರಾತ್ರಿ ತಂಗುವುದು ನಮ್ಮ ನಿಮ್ಮಂಥವರ ಮನೆಗಳಲ್ಲಿ. ಹೀಗಾಗಿ ಆರೋಗ್ಯ ವ್ಯವಸ್ಥೆಯ ಸುಧಾರಣೆ ಎಂಬ ವಿಷಯ ನಮಗೆ ವರ್ತಮಾನ ಪತ್ರಿಕೆಯ ವಿಷಯವಲ್ಲ, ನಡುಮನೆಯಲ್ಲಿ ಹಾಸಿದ ಚಾಪೆಯ ವಿಷಯ.

2012ರ ಮೇ ತಿಂಗಳ ಕೊನೆಯ ಭಾನುವಾರ ನಮ್ಮ ನಡುಮನೆಯಲ್ಲಿ ಅಂಥದೊಂದು ಚಾಪೆ ಹಾಸಿತ್ತು. ದೊಡ್ಡಪ್ಪನ ಮಗಳು, ನಮಗೆ ತಂಗಿಯಾಗಬೇಕು, ಚಿಂಚೋಳಿ ತಾಲ್ಲೂಕಿನ ಹಳ್ಳಿಯಿಂದ ಬಂದಿದ್ದಳು. ಮೂವತ್ತೊಂದು ಮೂವತ್ತೆರಡರ ವಯಸ್ಸು. ಹೊಟ್ಟೆನೋವು, ಬಿಳಿಮುಟ್ಟು ಎಂದು ಎರಡು ವರ್ಷದ ಹಿಂದೆ ಖಾಸಗಿ ಆಸ್ಪತ್ರೆಯೊಂದಕ್ಕೆ ತೋರಿಸಿದ್ದಳು. ಅಲ್ಲಿಯವರು, ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ ಗರ್ಭಕೋಶವನ್ನೇ ತೆಗೆದುಹಾಕಿದ್ದರು. ನೋವು ಹೋಗಲಿಲ್ಲ. ಅದರ ಜೊತೆಗೆ ಸೊಂಟದ ಸೆಳೆತ, ಮೈಬಿಸಿ, ನಿದ್ರೆ ಇಲ್ಲದಿರುವುದು ಇವೆಲ್ಲ ಸೇರಿಕೊಂಡವು. ಇಲ್ಲಿಯ ವೈದ್ಯರೊಬ್ಬರಿಗೆ ತೋರಿಸೋಣವೆಂದು ಕರೆಸಿದ್ದೆವು.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಟೆಲಿವಿಷನ್ನಿನಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೇ’ ಕಾರ್ಯಕ್ರಮ. ಅಂದಿನ ವಿಷಯ ವೈದ್ಯಕೀಯ ರಂಗದ ಅವ್ಯವಹಾರ. ಹೆಂಡತಿಯನ್ನು ಕಳೆದುಕೊಂಡ ಮಾಜಿ ಸೇನಾಧಿಕಾರಿಯೊಬ್ಬರು ಮಾತನಾಡಿದರು. ರಾಜಸ್ಥಾನದಲ್ಲಿ ಕಡಿಮೆ ಬೆಲೆಯ ಜೆನೆರಿಕ್ ಔಷಧಿ ಸಿಗುವಂತೆ ಮಾಡಿದ ಡಾಕ್ಟರ್ ಸಮಿತ್ ಶರ್ಮಾ ಎಂಬ ಅಧಿಕಾರಿ ಲೆಕ್ಕ ಹೇಳಿದರು. ನಮ್ಮವರೇ ಆದ ಡಾಕ್ಟರ್ ದೇವಿ ಶೆಟ್ಟರೂ ಬಂದರು. ನಡುವೆ, ಇದೇ ಆಂಧ್ರದ ಹಳ್ಳಿಯೊಂದರ ಹೆಂಗಸರು, ಒಬ್ಬರಾದ ಮೇಲೊಬ್ಬರು ಗರ್ಭಕೋಶ ತೆಗೆಸಿಕೊಂಡ ಕತೆ ಬಂತು. ನಮ್ಮ ತಂಗಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಕಾರ್ಯಕ್ರಮ ಮುಗಿಯುವವರೆಗೂ ತುಟಿ ಬಿಚ್ಚಲಿಲ್ಲ. ಮುಗಿದ ಮೇಲೆ ನಾವೆಲ್ಲ, “ನೋಡಿದೆಯಾ, ನಿನ್ನ ಕತೆಯೇ ದೇಶಕ್ಕೆಲ್ಲ ಗೊತ್ತಾಯಿತು” ಎಂದು ಏನೋ ಗೆದ್ದವರಂತೆ ಹೇಳಿದೆವು. ಆಕೆ ನಮ್ಮ ಮನೆಯವರ ಕಡೆ ತಿರುಗಿ, “ವೈನಿ, ಆಕಿ ಎಲ್ಲಾರ ಮುಂದ ತನ್ನ ಸಂಕಟ ಹೇಳ್ಕೊಂಡ್ಳಲ್ಲ, ಆಕಿಗಿ ಏನ್ ಸಿಕ್ತು?” ಎಂದು ಕೇಳಿದಳು.

ಈ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಅನಂತರ ಬಹಳ ಕಾಲ ಅದರ ಸುತ್ತ ಯೋಚಿಸಿದ್ದೇವೆ. ಹಾಗೆ ಯೋಚಿಸಿದ್ದನ್ನೇ ವಾಚಕರ ಮುಂದೆ ಇಡುತ್ತಿದ್ದೇವೆ.

ಇಂಗ್ಲಿಷಿನ ಡಾಕ್ಯುಮೆಂಟರಿಗೆ ಹಿಂದಿಯವರು ವೃತ್ತಚಿತ್ರ ಎನ್ನುತ್ತಾರೆ. ಕನ್ನಡದಲ್ಲಿ ನಾವು ಸಾಕ್ಷ್ಯಚಿತ್ರ ಎಂದೆವು. ಯಾರು ಈ ಮಾತನ್ನು ಬಳಕೆಗೆ ತಂದರೋ, ಅರಿತೋ ಅರಿಯದೆಯೋ ದೊಡ್ಡ ಹೊಣೆಯನ್ನು ಅದರ ತಲೆಯ ಮೇಲೆ ಹೊರಿಸಿದರು. ಸಾಕ್ಷಿ ಎಂದಮೇಲೆ ಕಟಕಟೆ ಇರಬೇಕು, ಎದುರು ಪಕ್ಷದ ವಕೀಲರ ಸವಾಲು ಇರಬೇಕು, ತೀರ್ಪು ಕೊಡುವವರು ಬೇರೆಯೇ ಇರಬೇಕು. ಸಾಕ್ಷಿಯೇ ತೀರ್ಪು ಕೊಡುವಂತಿಲ್ಲ. ಕೋರ್ಟಿಗೆ ಬಂದ ಸಾಕ್ಷಿಗೆ ಬಸ್ಸಿನ ಖರ್ಚು, ದಿನದ ಭತ್ಯೆಯಾದರೂ ಉಂಟು. ಪರದೆಯ ಮೇಲೆ ಬಂದ ಸಾಕ್ಷಿಗೆ ಏನು ಉಂಟು? ನಮ್ಮ ತಂಗಿ ಕೇಳಿದ್ದು ಇದನ್ನೇ ಅಲ್ಲವೆ?

ನಮ್ಮ ವಯಸ್ಸಿನವರಿಗೆ ಸಾಕ್ಷ್ಯಚಿತ್ರ ಎಂದೊಡನೆ ಮೊದಲು ನೆನಪಾಗುವುದು ಸಿನಿಮಾ ಶುರುವಾಗುವ ಮುನ್ನ ತೋರಿಸುತ್ತಿದ್ದ ಫಿಲ್ಮ್ಸ್ ಡಿವಿಜನ್ನಿನ ಕಪ್ಪು ಬಿಳುಪು ಚಿತ್ರಗಳು. 1948ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಸಂಸ್ಥೆಯ ಚಿತ್ರಗಳನ್ನು ಪ್ರತಿ ಟಾಕೀಸೂ ತೋರಿಸಲೇಬೇಕಾಗಿತ್ತು. ಅಣೆಕಟ್ಟು, ಹೊಸ ಗೊಬ್ಬರ, ಸಿಡುಬಿನ ಲಸಿಕೆ, ಕೆಂಪು ತ್ರಿಕೋಣ. ನಾವು ಆ ಹೊತ್ತಿಗೆ ಹೊರಗೆ ನಿಂತು ಕಡಲೆಕಾಯಿ ಕೊಳ್ಳುತ್ತಿದ್ದೆವು. ಆ ಚಿತ್ರಗಳಲ್ಲಿ ಸಾಕ್ಷಿ ಹೇಳುತ್ತಿದ್ದುದು ಸರ್ಕಾರ, ಅದೂ ತನ್ನ ಪರವಾಗಿ ತಾನೇ. ಎರಡು ಮಕ್ಕಳ ನಗುಮುಖದ ಸಂಸಾರ ಒಂದು ಕಡೆ, ಏಳೆಂಟು ಮಕ್ಕಳ ಅಳುಮುಖದ ಸಂಸಾರ ಇನ್ನೊಂದು ಕಡೆ. ಅಳುಮುಖದ ತಾಯಿಗೆ ಮಾತೇ ಇರುತ್ತಿರಲಿಲ್ಲ. ಹಿನ್ನೆಲೆಯ ಗಂಡು ದನಿಯೊಂದು ಆಕೆಯ ತಪ್ಪನ್ನು ವಿವರಿಸುತ್ತಿತ್ತು.

ಆ ತಾಯಿಗೆ ಮಾತು ಕೊಟ್ಟ ಚಿತ್ರವನ್ನು ಮಾಡಿದವರು ಈ ಊರಿನಲ್ಲಿಯೇ ಹುಟ್ಟಿ, ಬೆಂಗಳೂರನ್ನು ಕಾರ್ಯಕ್ಷೇತ್ರ ಮಾಡಿಕೊಂಡ ದೀಪಾ ಧನರಾಜ್. ಅವರೂ ಅವರ ಗೆಳತಿಯರೂ 1980ರಲ್ಲಿ ‘ಯುಗಾಂತರ’ ಎಂಬ ತಂಡ ಕಟ್ಟಿದರು. ನಮ್ಮ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿದ ಸಂಗತಿಯನ್ನು 1982ರಲ್ಲಿ ಚಿತ್ರ ಮಾಡಿದವರೂ ಅವರೇ. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಜೊತೆಗೂಡಿ 1983ರಲ್ಲಿ ‘ಇದಿ ಕಥ ಮಾತ್ರಮೇನಾ’ ಎಂಬ ತೆಲುಗು ಚಿತ್ರ ಮಾಡಿದವರೂ ಅವರೇ. 1991ರಲ್ಲಿ ಅವರ ‘ಸಮ್‌ಥಿಂಗ್ ಲೈಕ್ ಎ ವಾರ್’ ಬಂತು. ಯುದ್ಧದಂಥದೇನೋ ಒಂದು ಎಂದು ಅದರ ಅರ್ಥ. ಮಣಿ ಕೌಲರ ‘ದುವಿಧಾ’ಕ್ಕೆ ಕ್ಯಾಮೆರಾ ಹಿಡಿದಿದ್ದ ನವರೋಜ್ ಕಾಂಟ್ರಾಕ್ಟರ್ ಇದಕ್ಕೂ ಹಿಡಿದರು. ವಿಷಯ, ಭಾರತದ ಕುಟುಂಬ ಯೋಜನೆ.

ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಕ್ರಿಯೆಗಳಾದವು. ಅವುಗಳಲ್ಲಿ ಬಹುಪಾಲು ಗಂಡಸರಿಗೆ. ಗಂಡಸರ ಸಿಟ್ಟು 1977ರ ಚುನಾವಣೆಯಲ್ಲಿ ಹೊರಬಂತು. ಅಂದಿನಿಂದ ಸರ್ಕಾರಗಳು ಗಂಡಸರ ತಂಟೆಗೆ ಹೋಗಲಿಲ್ಲ. ಯೋಜನೆಯ ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ದೆಹಲಿಯಲ್ಲಿ ಗುರಿ ನಿಗದಿಯಾಗುತ್ತಿತ್ತು. ಅದು ರಾಜ್ಯಕ್ಕೆ, ಜಿಲ್ಲೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿದು, ಕೊನೆಗೆ ದಾದಿಯ, ಶಾಲಾ ಮಾಸ್ತರರ, ಗ್ರಾಮಲೆಕ್ಕಿಗರ ತಲೆಗೆ ಇಷ್ಟಿಷ್ಟು ‘ಕೇಸು’ ಎಂದು ಹಂಚಿಕೆಯಾಗುತ್ತಿತ್ತು. ಮಾರ್ಚ್ ತಿಂಗಳು ಬಂತೆಂದರೆ ಮಾಸ್ತರರು ಪಾಠ ಬಿಟ್ಟು ಕೇಸು ಹುಡುಕಿಕೊಂಡು ಓಣಿ ಓಣಿ ತಿರುಗುತ್ತಿದ್ದುದನ್ನು ನಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೇವೆ. ಅದನ್ನು ನೋಡಿ ನಕ್ಕೂ ಇದ್ದೇವೆ.

ದೀಪಾ ಅವರ ಚಿತ್ರದಲ್ಲಿ ನಗುವುದಕ್ಕೆ ಆಗುವುದಿಲ್ಲ. ಶಿಬಿರದಲ್ಲಿ ಹೆಂಗಸರನ್ನು ಸಾಲಾಗಿ ಕರೆತಂದು, ಒಬ್ಬೊಬ್ಬರನ್ನೇ ಮೇಜಿನ ಮೇಲೆ ತಲೆ ಕೆಳಗಾಗಿ ಮಲಗಿಸಿ, ದುರ್ಬೀನಿನಂಥ ನಳಿಗೆ ಹಾಕಿ ಕ್ಷಣಗಳಲ್ಲಿ ಶಸ್ತ್ರಕ್ರಿಯೆ ಮುಗಿಸುತ್ತಾರೆ. ವೈದ್ಯರು ತಮ್ಮ ವೇಗವನ್ನು ಕ್ಯಾಮೆರಾದ ಮುಂದೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಅವರು ಕೆಟ್ಟವರೆಂದು ಚಿತ್ರ ಎಲ್ಲೂ ಹೇಳುವುದಿಲ್ಲ. ಅವರ ಹೆಮ್ಮೆಯೇ ಸಾಕ್ಷಿ. ಇನ್ನೊಂದು ಕಡೆ ರಾಜಸ್ಥಾನದ ಹಳ್ಳಿಯ ಹೆಂಗಸರು ವೃತ್ತವಾಗಿ ಕುಳಿತು, ಹೆಣ್ಣಿನ ದೇಹದ ಚಿತ್ರ ಬರೆದು, ಮುಟ್ಟು, ಬಸಿರು, ಸುಖ, ಭಯ ಎಲ್ಲವನ್ನೂ ನಗುನಗುತ್ತ ಮಾತನಾಡಿಕೊಳ್ಳುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಕೇಸುಗಳಾಗಿದ್ದವರು ಇಲ್ಲಿ ತಮ್ಮ ಬುದ್ಧಿಯಿಂದ ತಮ್ಮ ಮೈಯನ್ನು ಅರಿತವರು. ಚಿತ್ರದಲ್ಲಿ ಅತ್ಯಂತ ದೊಡ್ಡ ವಾದ ಯಾವುದೆಂದು ಕೇಳಿದರೆ, ಶಿಬಿರದ ಕ್ರೌರ್ಯವಲ್ಲ, ಈ ವೃತ್ತ ಎಂದೇ ನಾವು ಹೇಳುತ್ತೇವೆ. ಅಯ್ಯೋ ಪಾಪ ಎನ್ನಿಸಿಕೊಳ್ಳುವವರ ಬಗ್ಗೆ ನಾವು ಧರ್ಮ ಮಾಡುತ್ತೇವೆ. ಸಮನಾಗಿ ಮಾತನಾಡುವವರ ಜೊತೆಗೆ ಮಾತ್ರ ರಾಜಕೀಯ ಮಾಡಬೇಕಾಗುತ್ತದೆ.

ಈ ಚಿತ್ರ ಆಕಾಶದಿಂದ ಬಿದ್ದದ್ದಲ್ಲ. 1985ರಲ್ಲಿ ನಮ್ಮೂರಿನ ಹತ್ತಿರದ ಪಟಾನ್‌ಚೆರುವಿನ ಆರೋಗ್ಯ ಕೇಂದ್ರದಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗ ನಡೆಯುತ್ತಿತ್ತು. ಸೇರಿದ್ದ ಹೆಂಗಸರಿಗೆ ಅದು ಪ್ರಯೋಗವೆಂದೇ ಗೊತ್ತಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನೆಯವರು ಹೋಗಿ ವಿಷಯ ತಿಳಿಸಿದರು. ಮರುವರ್ಷ ಇತರ ಸಂಘಟನೆಗಳೊಡನೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಹೀಗೆ ಕೋರ್ಟು, ಬೀದಿ, ಕರಪತ್ರಗಳಲ್ಲಿ ಹಲವು ವರ್ಷದಿಂದ ನಡೆಯುತ್ತಿದ್ದ ವಾದಕ್ಕೆ ಚಿತ್ರ ಕಣ್ಣು ಕೊಟ್ಟಿತು ಎನ್ನಬಹುದು. ಅದು ಟಾಕೀಸುಗಳಲ್ಲಿ ಬಿಡುಗಡೆಯಾಗುವ ಜಾತಿಯ ಚಿತ್ರವಲ್ಲ. ಮಹಿಳಾ ಸಂಘಗಳು, ಕಾಲೇಜುಗಳು, ವಿದೇಶದ ಸಭೆಗಳು ಇವೇ ಅದರ ಟಾಕೀಸು. 1994ರಲ್ಲಿ ಕೈರೋದಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನ ನಡೆದು, ಗುರಿಗಿಂತ ಹೆಣ್ಣಿನ ಆರೋಗ್ಯ ಮತ್ತು ಹಕ್ಕು ಮುಖ್ಯವೆಂದು ಒಪ್ಪಲಾಯಿತು. 1996ರ ಏಪ್ರಿಲ್‌ನಿಂದ ಭಾರತ ಸರ್ಕಾರ ಇಡೀ ದೇಶದಲ್ಲಿ ಸಂತಾನಹರಣದ ಗುರಿಗಳನ್ನು ಕೈಬಿಟ್ಟಿತು.

ಇಷ್ಟನ್ನು ಹೇಳಿ ನಿಲ್ಲಿಸಿದ್ದರೆ ಪ್ರಬಂಧ ಸುಖಾಂತ್ಯವಾಗುತ್ತಿತ್ತು. ಚಿತ್ರ ಬಂತು, ನೀತಿ ಬದಲಾಯಿತು, ಶುಭಂ. ಆದರೆ 2014ರ ನವೆಂಬರ್ 8ರಂದು ಛತ್ತೀಸ್‌ಗಢದ ಬಿಲಾಸಪುರದ ಬಳಿ, ಒಬ್ಬ ಶಸ್ತ್ರವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿದರು. ಆ ದಿನಗಳ ಶಿಬಿರಗಳಿಗೆ ಬಂದವರಲ್ಲಿ 13 ಮಂದಿ ತೀರಿಕೊಂಡರು. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನೇ ನಿಲ್ಲಿಸಬೇಕೆಂದು ಆಜ್ಞೆ ಮಾಡಿತು. ಆರು ವರ್ಷ ಕಳೆಯಿತು. 2022ರ ಆಗಸ್ಟ್ 25ರಂದು ಇಬ್ರಾಹಿಂಪಟ್ಟಣಂನಲ್ಲಿ, ನಮ್ಮ ಮನೆಯಿಂದ ಸಿಟಿ ಬಸ್ಸು ಹಿಡಿದು ಹೋಗಿ ಬರಬಹುದಾದ ಊರಿನಲ್ಲಿ, ಒಂದೇ ಶಿಬಿರದಲ್ಲಿ 34 ಹೆಂಗಸರಿಗೆ ಶಸ್ತ್ರಕ್ರಿಯೆಯಾಯಿತು. ನಾಲ್ವರು ಸತ್ತರು. ಚಿತ್ರ ಬಂದು 31 ವರ್ಷವಾಗಿತ್ತು. ಅದನ್ನು ತೆಗೆದವರು ಹುಟ್ಟಿದ ಊರಿನ ಮಗ್ಗುಲಲ್ಲೇ ಅದು ಮತ್ತೆ ನಡೆಯಿತು.

ಹಾಗಾದರೆ ಚಿತ್ರ ಸೋತಿತೆ? ನಾವು ಹಾಗೆ ತಿಳಿಯುವುದಿಲ್ಲ. 1976ರಲ್ಲಿ ಇಂಥ ಸಾವು ಸಂಭವಿಸಿದರೆ ಅದು ‘ಅಡ್ಡ ಪರಿಣಾಮ’ ಎನ್ನಿಸಿಕೊಳ್ಳುತ್ತಿತ್ತು. 2022ರಲ್ಲಿ ಅದು ಅಪರಾಧ ಎನ್ನಿಸಿತು. ಮಂತ್ರಿಗಳು ಉತ್ತರ ಕೊಡಬೇಕಾಯಿತು, ತನಿಖೆ ನಡೆಸಬೇಕಾಯಿತು. ಯಾವುದು ಸಹಜ, ಯಾವುದು ಸಹಿಸಲಾಗದ್ದು ಎಂಬ ಗೆರೆಯನ್ನು ಇಂಥ ಚಿತ್ರಗಳು ಒಂದಿಷ್ಟು ಸರಿಸುತ್ತವೆ. ಆ ಗೆರೆಯ ಈಚೆಗೆ ಆಸ್ಪತ್ರೆಯ ಸಲಕರಣೆಗಳನ್ನು ಕುದಿಸಿ ಶುದ್ಧ ಮಾಡುವ ಕೆಲಸ ಮಾತ್ರ ಯಾವ ಚಿತ್ರದಿಂದಲೂ ಆಗುವುದಿಲ್ಲ. ಅದಕ್ಕೆ ಆಳು ಬೇಕು, ಸಂಬಳ ಬೇಕು, ದಿನದಿನದ ಉಸ್ತುವಾರಿ ಬೇಕು.

ಅಮೆರಿಕದಲ್ಲಿರುವ ನಮ್ಮ ಮಕ್ಕಳು ಹೇಳುವ ಉದಾಹರಣೆ ಬೇರೆ. 2007ರಲ್ಲಿ ಮೈಕಲ್ ಮೂರ್ ಎಂಬ ನಿರ್ದೇಶಕರು ‘ಸಿಕೋ’ ಎಂಬ ಚಿತ್ರ ಮಾಡಿದರು. ವಿಮೆ ಇಲ್ಲದ ಬಡವರ ಕತೆ ಎಲ್ಲರೂ ಬಲ್ಲದ್ದು; ಅವರು ಹಿಡಿದದ್ದು ವಿಮೆ ಇದ್ದೂ ಕೈಬಿಡಲ್ಪಟ್ಟವರ ಕತೆಯನ್ನು. ವಿಮಾ ಕಂಪನಿಗಳಿಗೆ ಎಷ್ಟು ದಿಗಿಲಾಯಿತೆಂದರೆ, ಅಂಥ ಕಂಪನಿಯೊಂದರ ಪ್ರಚಾರಾಧಿಕಾರಿಯಾಗಿದ್ದ ವೆಂಡೆಲ್ ಪಾಟರ್ ಎಂಬುವರು 2009ರಲ್ಲಿ, ಚಿತ್ರದ ಹೆಸರು ಕೆಡಿಸಲು ತಮ್ಮ ಉದ್ಯಮ ಹೂಡಿದ್ದ ಹಂಚಿಕೆಗಳನ್ನೆಲ್ಲ ತಾವೇ ಬಹಿರಂಗಪಡಿಸಿದರು. 2010ರ ಮಾರ್ಚ್‌ನಲ್ಲಿ ಒಬಾಮಾ ಅವರ ಆರೋಗ್ಯ ಕಾಯಿದೆ ಬಂತು. ಆದರೆ ಮೂರ್ ಬಯಸಿದ್ದು ವಿಮಾ ಕಂಪನಿಗಳೇ ಇಲ್ಲದ ವ್ಯವಸ್ಥೆಯನ್ನು; ಬಂದದ್ದು ಎಲ್ಲರೂ ವಿಮೆ ಕೊಳ್ಳಲೇಬೇಕೆಂಬ ಕಾನೂನು. ಸಾಕ್ಷಿ ಹೇಳಿದ್ದೊಂದು, ತೀರ್ಪು ಬಂದದ್ದು ಇನ್ನೊಂದು. ಚಿತ್ರದ ಮೇಲೂ ಆಕ್ಷೇಪವಿತ್ತು: ಕ್ಯೂಬಾ, ಕೆನಡಾಗಳನ್ನು ತೀರ ಬೆಳ್ಳಗೆ ತೋರಿಸಿದ್ದಾರೆ, ಅಲ್ಲಿಯ ಸರದಿ ಸಾಲುಗಳನ್ನು ಕಾಣಿಸಿಲ್ಲ ಎಂದು. ಎದುರು ವಕೀಲರಿಲ್ಲದ ಸಾಕ್ಷಿಗೆ ಬರುವ ದೋಷವೇ ಅದು.

ಮತ್ತೆ ನಮ್ಮ ನಡುಮನೆಗೆ ಬರೋಣ. ‘ಸತ್ಯಮೇವ ಜಯತೇ’ ಪ್ರಸಾರವಾದ ಒಂದು ತಿಂಗಳೊಳಗೆ, ಜೂನ್ 2012ರಲ್ಲಿ, ಸಂಸತ್ತಿನ ಸ್ಥಾಯೀ ಸಮಿತಿಯೊಂದು ಆಮೀರ್ ಖಾನರನ್ನು ಕರೆಸಿ ಔಷಧಿಗಳ ವಿಷಯ ಕೇಳಿಕೊಂಡಿತು. ವೈದ್ಯರ ಸಂಘ ಕ್ಷಮೆ ಕೇಳಬೇಕೆಂದು ಒತ್ತಾಯಿಸಿತು, ಅವರು ಕೇಳಲಿಲ್ಲ. ಒಂದು ಕ್ಷಣ ಯೋಚಿಸಿ. ಜನೌಷಧಿ ಅಂಗಡಿಗಳ ಯೋಜನೆ 2008ರಲ್ಲೇ ಶುರುವಾಗಿತ್ತು. ರಾಜಸ್ಥಾನದಲ್ಲಿ ಉಚಿತ ಔಷಧಿ ಯೋಜನೆ 2011ರ ಗಾಂಧಿ ಜಯಂತಿಯಂದೇ ಜಾರಿಗೆ ಬಂದಿತ್ತು. ತಜ್ಞರು ವರ್ಷಗಟ್ಟಲೆ ಬರೆದಿದ್ದರು. ಆದರೂ ಒಬ್ಬ ಸಿನಿಮಾ ನಟ ಕಣ್ಣೀರು ಒರೆಸಿಕೊಂಡ ಮೇಲೆಯೇ ದೇಶ ಅದನ್ನು ಕೇಳಿಸಿಕೊಂಡಿತು. ಇದನ್ನು ಪ್ರಜಾಪ್ರಭುತ್ವದ ಗೆಲುವೆನ್ನಬೇಕೋ ಸೋಲೆನ್ನಬೇಕೋ ನಮಗೆ ಇನ್ನೂ ಸ್ಪಷ್ಟವಿಲ್ಲ. ಕಣ್ಣೀರಿನಿಂದ ಹುಟ್ಟಿದ ಕಾನೂನಿಗೆ ಕಣ್ಣೀರು ಆರಿದೊಡನೆ ಬೇರು ಸಡಿಲವಾಗುತ್ತದೆಂದು ವಾದಿಸಬಹುದು. ಕಣ್ಣೀರು ಬಾರದಿದ್ದರೆ ಕಾನೂನೇ ಹುಟ್ಟುತ್ತಿರಲಿಲ್ಲವೆಂದೂ ಅಷ್ಟೇ ಬಲವಾಗಿ ವಾದಿಸಬಹುದು.

ಇಲ್ಲಿ ಒಂದು ಉಪಕತೆ ಇದೆ, ಕನ್ನಡಿಗರಾದ ನಾವು ಅದನ್ನು ಮರೆಯಬಾರದು. ಆ ಕಾರ್ಯಕ್ರಮವನ್ನು ತೆಲುಗಿನಲ್ಲಿ, ತಮಿಳಿನಲ್ಲಿ, ಮಲಯಾಳಂನಲ್ಲಿ ಜನ ತಮ್ಮ ತಮ್ಮ ಮಾತಿನಲ್ಲಿ ನೋಡಿದರು. ಕನ್ನಡದಲ್ಲಿ ಮಾತ್ರ ಬರಲಿಲ್ಲ. ಡಬ್ಬಿಂಗ್ ಬೇಡವೆಂದು ನಮ್ಮ ಚಿತ್ರೋದ್ಯಮ ಪಟ್ಟು ಹಿಡಿದಿತ್ತು. ಕನ್ನಡದ ಕಲಾವಿದರ ಅನ್ನ ಉಳಿಯಲಿ ಎಂಬ ಕಾಳಜಿಯ ಹಿಂದೆ ದೊಡ್ಡ ಇತಿಹಾಸವಿದೆ, ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ನಮ್ಮ ತಂಗಿ ತನ್ನ ಮೈಗೆ ಸಂಬಂಧಿಸಿದ ಸತ್ಯವನ್ನು ಹರುಕುಮುರುಕು ಹಿಂದಿಯಲ್ಲಿ, ನಾವು ನಡುನಡುವೆ ಹೇಳಿಕೊಟ್ಟ ಕನ್ನಡದಲ್ಲಿ ತಿಳಿದುಕೊಂಡಳು. ಆಕೆಯ ಊರಿನ ಓರಗಿತ್ತಿಯರಿಗೆ ಅಷ್ಟೂ ಸಿಗಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆ ನಿರ್ಬಂಧ ಕಾನೂನುಬಾಹಿರವೆಂದು ಹೇಳಿತು. ಅದೇ 2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಂಗಸರಿಗೆ ಬೇಕಿಲ್ಲದೆಯೇ ಗರ್ಭಕೋಶ ತೆಗೆದ ಪ್ರಕರಣ ಬಯಲಿಗೆ ಬಂತು. ತನಿಖೆಯಾಯಿತು, ಕೆಲವು ಆಸ್ಪತ್ರೆಗಳ ಪರವಾನಗಿ ರದ್ದಾಯಿತು. 2017ರಲ್ಲಿ ಆ ಹೆಂಗಸರು ಕಲಬುರಗಿಯ ಬೀದಿಗಿಳಿದು ನ್ಯಾಯ ಕೇಳಿದರು. ಮೂರು ವರ್ಷ ಮೊದಲೇ ಅವರ ಮಾತಿನಲ್ಲಿ ಆ ಕಾರ್ಯಕ್ರಮ ಅವರಿಗೆ ತಲುಪಿದ್ದರೆ ಒಬ್ಬಳಾದರೂ, “ತಡೀರಿ, ಇನ್ನೊಬ್ಬ ಡಾಕ್ಟರಿಗೆ ತೋರಿಸ್ತೀನಿ” ಎನ್ನುತ್ತಿದ್ದಳೇನೋ.

ಅದೇ 2017ರಲ್ಲಿ ಕರ್ನಾಟಕದಲ್ಲಿ ಆರೋಗ್ಯ ಸಚಿವರಾಗಿದ್ದ ಕೆ. ಆರ್. ರಮೇಶ್ ಕುಮಾರ್ ಅವರು ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆ ತಂದರು. ದರ ನಿಗದಿ, ರೋಗಿಗಳ ದೂರು ಕೇಳಲು ಜಿಲ್ಲಾ ಸಮಿತಿ, ತಪ್ಪಿದವರಿಗೆ ಜೈಲು ಇವೆಲ್ಲ ಅದರಲ್ಲಿದ್ದವು. ನವೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದ ಹೊತ್ತಿಗೆ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ನಾವು ಇಲ್ಲಿ ಕುಳಿತು ಕನ್ನಡ ವಾಹಿನಿಗಳಲ್ಲಿ ನೋಡಿದೆವು: ಬಾಗಿಲು ಹಾಕಿದ ನರ್ಸಿಂಗ್ ಹೋಂ, ಮಗುವನ್ನು ಎತ್ತಿಕೊಂಡು ಓಡುವ ತಂದೆ, ಚಿಕಿತ್ಸೆ ಸಿಗದೆ ಸತ್ತವರ ಸುದ್ದಿ. ಆ ಚಿತ್ರಗಳು ಚರ್ಚೆಯನ್ನು ಯಾವ ಕಡೆಗೆ ತಳ್ಳಿದವು? ಮೊದಲ ದಿನ ವೈದ್ಯರ ಮೇಲೆ ಸಿಟ್ಟು. ಎರಡನೆಯ ದಿನ, ಇದಕ್ಕೆಲ್ಲ ಹಟಮಾರಿ ಮಂತ್ರಿಯೇ ಕಾರಣ ಎಂಬ ಮಾತು. ಮೂರನೆಯ ದಿನ, ಹೇಗಾದರೂ ಮಾಡಿ ಮುಗಿಸಿ ಎಂಬ ಮೊರೆ. ಮುಗಿಸಿದರು. ಜೈಲಿನ ಅಂಶವೂ ಇನ್ನೂ ಹಲವು ಅಂಶಗಳೂ ತೆಳುವಾಗಿ ಮಸೂದೆ ಪಾಸಾಯಿತು. ಮಸೂದೆಯಲ್ಲಿ ಏನಿತ್ತು, ಏನು ಹೋಯಿತು ಎಂದು ಆ ವಾರವೆಲ್ಲ ಟೆಲಿವಿಷನ್ ನೋಡಿದವರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಹೇಳಲಾರರು. ನಾವೂ ಹೇಳಲಾರದೆ ಹೋದೆವು, ಆಮೇಲೆ ಪತ್ರಿಕೆ ಹುಡುಕಿ ಓದಬೇಕಾಯಿತು. ಸಂಕಟದ ಚಿತ್ರವೆಂದಮೇಲೆ ಅದು ಸುಧಾರಣೆಯ ಪಕ್ಷವೇ ಎಂದು ತಿಳಿಯುವಂತಿಲ್ಲ. ಯಾರು ಯಾವಾಗ ತೋರಿಸುತ್ತಾರೆ ಎಂಬುದರ ಮೇಲೆ ಅದರ ಪಕ್ಷ ಬದಲಾಗುತ್ತದೆ.

ವೈದ್ಯರ ಮಾತನ್ನೂ ಹೇಳಬೇಕು. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಮಗನೋ ಸೊಸೆಯೋ ವೈದ್ಯರಿದ್ದಾರೆ. 2012ರ ಆ ಭಾನುವಾರದ ಮರುದಿನ ಅವರ ಮುಖದಲ್ಲಿದ್ದ ಬೇಸರವನ್ನು ನಾವು ಕಂಡಿದ್ದೇವೆ. “ಅಂಕಲ್, ನಲವತ್ತು ಜನರನ್ನು ನೋಡಬೇಕಾದ ಕಡೆ ಇನ್ನೂರು ಜನರನ್ನು ನೋಡುತ್ತೇನೆ. ಅದನ್ನು ಯಾರೂ ಸಿನಿಮಾ ತೆಗೆಯುವುದಿಲ್ಲ” ಎಂದು ಸರ್ಕಾರಿ ಆಸ್ಪತ್ರೆಯ ಕಿರಿಯ ವೈದ್ಯನೊಬ್ಬ ಹೇಳಿದ. ಆತನ ಮಾತಿನಲ್ಲಿ ನಮ್ಮ ಇಡೀ ಪ್ರಬಂಧಕ್ಕಿಂತ ಹೆಚ್ಚು ತತ್ವ ಇದೆಯೆಂದು ತೋರುತ್ತದೆ. ಕೆಟ್ಟ ವೈದ್ಯ ಕ್ಯಾಮೆರಾಕ್ಕೆ ಸುಲಭವಾಗಿ ಸಿಗುತ್ತಾನೆ. ಖಾಲಿ ಬಿದ್ದ ಹುದ್ದೆ ಸಿಗುವುದಿಲ್ಲ. ಬಾರದೆ ಹೋದ ಹಣಕ್ಕೆ ಮುಖವಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರಗಳು ರಾಷ್ಟ್ರೀಯ ಉತ್ಪನ್ನದ ನೂರಕ್ಕೆ ಎರಡೂವರೆ ಪಾಲನ್ನು ಆರೋಗ್ಯಕ್ಕೆ ಕೊಡಬೇಕೆಂದಿತು. ಆ ಗಡುವು ಬಂದುಹೋಯಿತು, ಗುರಿ ಮುಟ್ಟಲಿಲ್ಲ. ಇದನ್ನು ಯಾವ ಬೆಳಕಿನಲ್ಲಿ, ಯಾವ ಕೋನದಲ್ಲಿ ಚಿತ್ರ ತೆಗೆಯುವುದು? ಇಲ್ಲದ್ದನ್ನು ತೋರಿಸುವುದು ಕಷ್ಟ. ಆದ್ದರಿಂದಲೇ ಸಾಕ್ಷ್ಯಚಿತ್ರ ನೋಡಿದವನಿಗೆ ಖಳನನ್ನು ಹಿಡಿದರೆ ಮುಗಿಯಿತು ಎನ್ನಿಸುತ್ತದೆ. ದೀಪಾ ಅವರ ಚಿತ್ರದ ಹೆಚ್ಚುಗಾರಿಕೆ ಇರುವುದು ಇಲ್ಲೇ. ಅದರಲ್ಲಿ ಖಳ ಮನುಷ್ಯನಲ್ಲ, ಒಂದು ಅಂಕಿ. ದೆಹಲಿಯಿಂದ ಹಳ್ಳಿಯವರೆಗೆ ಆ ಅಂಕಿ ಇಳಿದುಬರುವುದನ್ನು ನೋಡಿದವನಿಗೆ, ವೈದ್ಯನನ್ನು ಬದಲಾಯಿಸಿದರೆ ಸಾಲದು ಎಂದು ತಿಳಿಯುತ್ತದೆ.

ಇದೇ ನಾಡಿನಲ್ಲಿ ಆರೋಗ್ಯಶ್ರೀ ಯೋಜನೆ 2007ರಲ್ಲಿ ಬಂದಾಗ ಬಡವರಿಗೂ ಗಾಜಿನ ಬಾಗಿಲು ತೆರೆಯಿತೆಂದು ನಾವೆಲ್ಲ ಸಂತೋಷಪಟ್ಟೆವು. ಅದು ಸಂತೋಷಪಡಬೇಕಾದ ಸಂಗತಿಯೇ. ಸರ್ಕಾರ ಹಣ ಕೊಡುತ್ತದೆಂದಮೇಲೆ ಬೇಕಿಲ್ಲದ ಶಸ್ತ್ರಕ್ರಿಯೆಗಳೂ ಹೆಚ್ಚಿದವೆಂದು ದೂರು ಬಂದು, ಮುಂದೆ ಗರ್ಭಕೋಶ ತೆಗೆಯುವುದೂ ಸೇರಿ ನೂರಕ್ಕೂ ಹೆಚ್ಚು ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಗಳಿಗೇ ಮೀಸಲಿಡಲಾಯಿತು. ಈ ಬದಲಾವಣೆಗೆ ಯಾವ ನಟನೂ ಅಳಬೇಕಾಗಲಿಲ್ಲ. ಸಮೀಕ್ಷೆ ಮಾಡಿದವರು, ಅಂಕಿ ಕೂಡಿಸಿದವರು, ಅರ್ಜಿ ಬರೆದವರು ಮಾಡಿದ ಕೆಲಸ ಅದು. ಅವರ ಹೆಸರು ನಮಗೂ ನಿಮಗೂ ಗೊತ್ತಿಲ್ಲ.

ಇನ್ನು ತಂಗಿಯ ಪ್ರಶ್ನೆ. ಆಕಿಗಿ ಏನ್ ಸಿಕ್ತು?

ಒಬ್ಬಳ ಸಂಕಟವನ್ನು ಸಾವಿರ ಜನರ ಹಿತಕ್ಕಾಗಿ ತೋರಿಸುವುದು ನ್ಯಾಯವೆ? ಒಪ್ಪಿಗೆ ಇದ್ದರೆ ನ್ಯಾಯ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಒಪ್ಪಿಗೆ ಎಂಬುದು ಎಷ್ಟು ಜಾರುವ ವಸ್ತು ಎಂಬುದನ್ನು ಈ ವಿಷಯವೇ ನಮಗೆ ಕಲಿಸಿದೆ. ಶಿಬಿರದ ಹೆಂಗಸರ ಹೆಬ್ಬೆಟ್ಟೂ ಒಪ್ಪಿಗೆಯ ಕಾಗದದ ಮೇಲೆ ಇತ್ತು. ಪಟಾನ್‌ಚೆರುವಿನವರು ತಾವಾಗಿಯೇ ಸಾಲಿನಲ್ಲಿ ನಿಂತಿದ್ದರು. ನಮ್ಮ ತಂಗಿಯೂ ಆಸ್ಪತ್ರೆಯಲ್ಲಿ ಸಹಿ ಮಾಡಿದ್ದಳು. ವೈದ್ಯನ ಕಾಗದಕ್ಕೆ ಹಾಕಿದ ಸಹಿಯನ್ನು ಸಂಶಯದಿಂದ ನೋಡುವ ಚಿತ್ರಕಾರ, ತನ್ನ ಕಾಗದಕ್ಕೆ ಅದೇ ಹೆಂಗಸು ಹಾಕಿದ ಸಹಿಯನ್ನೂ ಅಷ್ಟೇ ಸಂಶಯದಿಂದ ನೋಡಬೇಕಲ್ಲವೆ? ಒಮ್ಮೆ ಗರ್ಭಕೋಶ, ಇನ್ನೊಮ್ಮೆ ಕತೆ. ಎರಡು ಸಲವೂ ಒಯ್ದವರು ಪಟ್ಟಣದವರು. ಈ ಮಾತು ಕಠಿಣವಾಯಿತೆಂದು ಗೊತ್ತು. ಆದರೂ ನೋಡುವ ನಾವು ಇದರಿಂದ ಹೊರಗಿಲ್ಲ. ಅಂದು ನಮ್ಮ ಕಣ್ಣಲ್ಲೂ ನೀರು ಬಂದಿತ್ತು, ಮನಸ್ಸು ಹಗುರವಾಗಿತ್ತು, ಮಧ್ಯಾಹ್ನದ ಊಟ ಎಂದಿನಂತೆ ಸೇರಿತು. ಆಕೆ ಉಣ್ಣಲಿಲ್ಲ.

ಆಮೇಲೆ ನಡೆದದ್ದನ್ನು ಹೇಳಿ ಮುಗಿಸುತ್ತೇವೆ. ಹೋದ ವರ್ಷ ಆಕೆಯ ಊರಿಗೆ ಕಾಲೇಜಿನ ಹುಡುಗಿಯೊಬ್ಬಳು ಸಣ್ಣ ಕ್ಯಾಮೆರಾ ಹಿಡಿದುಕೊಂಡು ಬಂದಳಂತೆ, ಶಸ್ತ್ರಕ್ರಿಯೆಯಾದ ಹೆಂಗಸರ ಬಗ್ಗೆ ಚಿತ್ರ ಮಾಡುತ್ತೇನೆಂದು. ನಾಲ್ಕು ಮನೆಯವರು ಬಾಗಿಲು ಹಾಕಿಕೊಂಡರು. ನಮ್ಮ ತಂಗಿ ಒಳಗೆ ಕರೆದು ಚಹಾ ಕೊಟ್ಟು, ಮಾತನಾಡುತ್ತೇನೆ ಆದರೆ ಮೂರು ಮಾತು ನಡೆಸಿಕೊಡ್ರಿ ಎಂದಳಂತೆ. “ಮೊದಲನೇದು, ನನ್ನ ಮಾರಿ ತೋರಸಬ್ಯಾಡ್ರಿ, ನನ್ನ ಕಾಗದ ತೋರಸ್ರಿ. ಎರಡನೇದು, ಚಿತ್ರ ಆದಮ್ಯಾಲ ಮೊದಲ ನಮ್ಮ ಓಣ್ಯಾಗ ತೋರಸ್ರಿ, ಆಮ್ಯಾಲ ಮಂದಿಗಿ. ಮೂರನೇದು, ನಮ್ಮ ಊರ ದವಾಖಾನಿಗಿ ಹೆಣ್ಣ ಡಾಕ್ಟರ್ ಯಾಕ ಬಂದಿಲ್ಲ ಅಂತ ಅದರಾಗ ಕೇಳ್ರಿ, ಕೇಳದಿದ್ರ ನನ್ನ ಮಾತು ತಗದಹಾಕ್ರಿ.” ಹುಡುಗಿ ಮೂರನ್ನೂ ಬರೆದುಕೊಂಡು ಹೋದಳಂತೆ.

ಮೊನ್ನೆ ಕಣ್ಣು ತೋರಿಸಲೆಂದು ಸರೋಜಿನಿ ದೇವಿ ಆಸ್ಪತ್ರೆಗೆ ಬಂದಿದ್ದಾಗ ಇದನ್ನೆಲ್ಲ ಹೇಳಿದಳು. ಚಿತ್ರ ಏನಾಯಿತು ಎಂದು ಕೇಳಿದೆವು. ಇನ್ನೂ ತೋರಿಸಿಲ್ಲವಂತೆ. “ತೋರಿಸ್ತೀನಿ ಅಂದಾಳ. ನೋಡೂಣು” ಎಂದು, ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಾಂಡೂರಿನ ಬಸ್ಸು ಹತ್ತಿದಳು.